ಗ್ಯಾಲರಿ ನಡೆಸೋರಿಗೆ ಒಂದು ಬಹಿರಂಗ ಪತ್ರ: ಓಪನಿಂಗ್ ಸಂಜೆಯ ಲೆಕ್ಕನೂ ಕಾಗದದ ಮೇಲೆ ಬರಲಿ

ಗ್ಯಾಲರಿ ಮಾಲೀಕರೇ, ಡೈರೆಕ್ಟರುಗಳೇ, ಕ್ಯುರೇಟರುಗಳೇ,

ನಮಸ್ಕಾರ. ನಾನು ಯಾರು ಅಂತ ನಿಮಗೆ ಗೊತ್ತಿರೋ ಚಾನ್ಸ್ ಕಮ್ಮಿ. ಗೊತ್ತಿದ್ರೂ ಅದು ಮುಖ ಎಲ್ಲೋ ನೋಡಿದೀನಿ, ಹೆಸರು ಮಾತ್ರ ಬಾಯಿಗೆ ಬರ್ತಿಲ್ಲ ಅನ್ನೋ ಥರದ ಗೊತ್ತು. ನಿಮ್ಮ ಓಪನಿಂಗ್‌ಗಳಿಗೆ, ಅಂದ್ರೆ ಪ್ರದರ್ಶನ ಶುರುವಾಗೋ ದಿನದ ಸಂಜೆ ಕೂಟಗಳಿಗೆ, ಬರ್ತಿರ್ತೀನಿ, ಕೈಯಲ್ಲೊಂದು ಗ್ಲಾಸ್ ಹಿಡ್ಕೊಂಡು ಯಾವುದೋ ಮೂಲೆಯಲ್ಲಿ ನಿಂತಿರ್ತೀನಿ, ಈಚೀಚೆಗೆ ಗ್ರೂಪ್ ಶೋಗಳಲ್ಲಿ ನನ್ನ ಕೆಲಸನೂ ಗೋಡೆ ಮೇಲೆ ಬರ್ತಿದೆ, ಹಾಗಾಗಿ ಈ ಸಂಜೆಗಳನ್ನ ಅತಿಥಿಯಾಗೂ ನೋಡಿದೀನಿ, ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅನ್ನೋ ಜಾಗದಿಂದಾನೂ ನೋಡಿದೀನಿ. ಎರಡೂ ಕಡೆಯಿಂದ ನೋಡಿದ್ಮೇಲೆ ಹೇಳ್ಬೇಕು ಅನ್ಸಿದ್ದು ಒಂದೇ ವಿಷಯ. ಓಪನಿಂಗ್ ಸಂಜೆ ಬಂದವರಿಗೆ ಪಾರ್ಟಿ ಇರಬಹುದು, ಕಲಾವಿದರಿಗೆ ಅದು ಡ್ಯೂಟಿ. ಆದ್ರೆ ಆ ಡ್ಯೂಟಿ ಟೈಮಲ್ಲಿ ಖರ್ಚು ಯಾರದ್ದು, ಜವಾಬ್ದಾರಿ ಯಾರದ್ದು, ಏನಾದ್ರೂ ಹಾಳಾದ್ರೆ ಯಾರು ಕಟ್ಟಿಕೊಡ್ಬೇಕು ಅನ್ನೋದು ನಾನು ಸೈನ್ ಮಾಡಿದ ಒಂದು ಅಗ್ರಿಮೆಂಟಲ್ಲೂ ಇರಲಿಲ್ಲ. ಅದನ್ನ ಬರೆದು ಕೊಡಿ ಅಂತ ಕೇಳೋಕೆ ಈ ಪತ್ರ.

ಓಪನಿಂಗ್ ಬೇಡ ಅಂತ ನಾನು ಹೇಳ್ತಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ದಿದ್ರೆ "ಇವಳಿಗೆ ಜನ ಅಂದ್ರೆ ಆಗಲ್ಲ" ಅಂತ ಮೂಗು ಮುರಿಯೋರು ಇರ್ತಾರೆ. ತಿಂಗಳುಗಟ್ಟಲೆ ಒಬ್ಬರೇ ಕೂತು ಕೆಲಸ ಮಾಡೋ ನಮ್ಮಂಥೋರಿಗೆ ನಾಲ್ಕು ಜನರ ಮುಖ ಕಾಣೋದೇ ಆವತ್ತು. ಶೋ ಮುಗಿಯೋವರೆಗೂ ಆಮೇಲೆ ಗ್ಯಾಲರಿ ಹೆಚ್ಚುಕಮ್ಮಿ ಖಾಲಿನೇ ಇರತ್ತೆ, ಅದು ನಿಮಗೂ ಗೊತ್ತು ನಮಗೂ ಗೊತ್ತು. ಕೊಳ್ಳೋರು, ಬರೆಯೋರು, ಮುಂದಿನ ಶೋಗೆ ಕರೆಯೋರು ಎಲ್ಲಾ ಒಂದೇ ಕಡೆ ಸಿಗೋದು ಆ ಎರಡು ಮೂರು ಗಂಟೆಯಲ್ಲೇ. ಅದಕ್ಕೇ ಅದು ಡ್ಯೂಟಿ ಅಂದಿದ್ದು.

ಮೊದಲು ಬರೀ ಅತಿಥಿಯಾಗಿ ಬಂದಾಗಿನ ಕಥೆ ಹೇಳ್ತೀನಿ. ಹೊಸಬರು ಒಳಗೆ ಕಾಲಿಟ್ಟ ತಕ್ಷಣ ಕಾಣೋದು ಬೆನ್ನುಗಳು. ಎಲ್ಲರೂ ಚಿತ್ರಗಳಿಗೆ ಬೆನ್ನು ಮಾಡ್ಕೊಂಡು ಐದಾರು ಜನರ ಗುಂಪು ಕಟ್ಕೊಂಡು ನಿಂತಿರ್ತಾರೆ, ಆ ಗುಂಪುಗಳೋ, ಒಂದಕ್ಕೂ ಒಳಗೆ ಹೋಗೋಕೆ ಸಂದಿ ಇರಲ್ಲ. ಹಾಗಾಗಿ ನಾವು ಮಾಡೋದು ಏನಪ್ಪಾ ಅಂದ್ರೆ ಗೋಡೆ ಹಿಡಿಯೋದು, ಲೇಬಲ್ ಓದೋದು, ಓದಿದ ಲೇಬಲನ್ನೇ ಇನ್ನೊಂದ್ಸಲ ಓದೋದು. ಯಾರಾದ್ರೂ ಮಾತಾಡ್ಸಿದ್ರೂ ಮೊದಲ ಪ್ರಶ್ನೆ "ನೀವು ಎಲ್ಲಿ ಶೋ ಮಾಡಿದೀರ" ಅಂತ, ಉತ್ತರ ಹೇಳ್ತಿರೋವಾಗ್ಲೇ ಅವರ ಕಣ್ಣು ನಮ್ಮ ಹೆಗಲ ಮೇಲಿಂದ ಬಾಗಿಲ ಕಡೆ ಹೋಗಿರತ್ತೆ, ಇನ್ನೂ ದೊಡ್ಡವರು ಯಾರು ಬಂದ್ರು ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಡ್ಯೂಟಿ ಮೇಲೇ ಬಂದಿರ್ತಾರೆ ಪಾಪ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಮಾಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟ ಆಯ್ತು. ಜನ ಒಂದೊಂದು ಚಿತ್ರದ ಮುಂದೆ ನಿಲ್ಲೋದು ಸರಾಸರಿ 27 ಸೆಕೆಂಡ್, ಅದರಲ್ಲೂ ಅರ್ಧಕ್ಕರ್ಧ ಜನ 17 ಸೆಕೆಂಡ್ ಕೂಡ ನಿಲ್ಲಲ್ಲ ಅಂತ ಅದರಲ್ಲಿ ಗೊತ್ತಾಯ್ತು. ಅದು ಮ್ಯೂಸಿಯಂ ಮಾತು, ನೋಡೋಕೆ ಅಂತಾನೇ ಬಂದವರ ಲೆಕ್ಕ, ಮುಂದಿದ್ದದ್ದು ಹೆಸರಾಂತರ ಕೃತಿಗಳು. ಓಪನಿಂಗ್ ದಿನ ನಮ್ಮಂಥ ಹೊಸಬರ ಮುಂದೆ ಎಷ್ಟು ಹೊತ್ತು ನಿಲ್ತಾರೆ ಅಂತ ಯಾರಾದ್ರೂ ಗಡಿಯಾರ ಹಿಡಿದ್ರೆ ನನಗೆ ಆ ನಂಬರ್ ಹೇಳ್ಬೇಡಿ.

ಆದ್ರೆ ಇದೇ ಸಂಜೆಗಳಲ್ಲಿ ಒಂದು ಒಳ್ಳೇದೂ ನೋಡಿದೀನಿ, ಅದು ಮನಸ್ಸಲ್ಲಿ ಕೂತುಬಿಟ್ಟಿದೆ. ಒಂದು ಚಿಕ್ಕ ಗ್ಯಾಲರಿ, ಅಲ್ಲಿ ಕೆಲಸ ಮಾಡೋ ಮೇಡಂ ಒಬ್ಬರು ನಾನು ಗೋಡೆ ಹಿಡ್ಕೊಂಡು ನಿಂತಿದ್ದನ್ನ ನೋಡಿ ಬಂದು ಹೆಸರು ಕೇಳಿದ್ರು, ಏನು ಕೆಲಸ ಮಾಡ್ತೀರ ಅಂತ ಕೇಳಿದ್ರು, ಆಮೇಲೆ ನನ್ನನ್ನ ಒಂದು ಗುಂಪಿನ ಹತ್ರ ಕರ್ಕೊಂಡು ಹೋಗಿ "ಇವರು ಚಾರ್ಕೋಲಲ್ಲಿ (ಇದ್ದಿಲಲ್ಲಿ) ದೊಡ್ಡ ಸೈಜಿನ ಡ್ರಾಯಿಂಗ್ ಮಾಡ್ತಾರೆ, ಕಟ್ಟಡ ಕೆಡವಿದ ಜಾಗಗಳದ್ದು" ಅಂತ ಹೇಳಿ ಹೋದ್ರು, ಅಷ್ಟೇ. ಒಂದು ವಾಕ್ಯ. ಹೆಸರಿನ ಜೊತೆ ಕೆಲಸದ ಬಗ್ಗೆ ಒಂದು ಮಾತು ಇದ್ದಿದ್ದಕ್ಕೆ ಆ ಗುಂಪಲ್ಲಿದ್ದ ಒಬ್ಬರು "ಯಾಕೆ ಕೆಡವಿದ ಜಾಗ" ಅಂತ ಕೇಳಿದ್ರು, ಅಲ್ಲಿಂದ ಮಾತು ಬೆಳೀತು, ನನ್ನ ಮೊದಲ ಗ್ರೂಪ್ ಶೋ ಆಗಿದ್ದೇ ಆ ಮಾತಿನಿಂದ. ಇದಕ್ಕೆ ಅವರಿಗೆ ಖರ್ಚಾಗಿದ್ದು ಅರ್ಧ ನಿಮಿಷ. ಬಂದವರನ್ನ ಪರಿಚಯ ಮಾಡಿಸೋಕೆ ಅಂತಾನೇ ಸ್ಟಾಫಲ್ಲಿ ಒಬ್ಬರನ್ನ ಬಿಡಿ ಸ್ವಾಮಿ, ಮಿಕ್ಕಿದ್ದೆಲ್ಲಾ ತಾನಾಗೇ ಆಗತ್ತೆ.

ಹಳೇ ಕಾಲದಲ್ಲಿ ಈ ದಿನ ಕಲಾವಿದರದ್ದೇ ಆಗಿತ್ತು, ಅದನ್ನ ಇಲ್ಲಿ ಹೇಳ್ಲೇಬೇಕು. ಲಂಡನ್ನಿನ ರಾಯಲ್ ಅಕಾಡೆಮಿ ಅನ್ನೋ ಕಲಾ ಸಂಸ್ಥೆ 1809ರಲ್ಲಿ ವಾರ್ನಿಷಿಂಗ್ ಡೇ ಅಂತ ಮಾಡ್ತು. ಪ್ರದರ್ಶನ ಸಾರ್ವಜನಿಕರಿಗೆ ತೆರೆಯೋ ಮುಂಚೆ ಅಕಾಡೆಮಿಯ ಸದಸ್ಯ ಕಲಾವಿದರು ಬಂದು, ಗೋಡೆಗೆ ನೇತುಹಾಕಿದ ಚಿತ್ರಕ್ಕೆ ಅಲ್ಲೇ ನಿಂತು ಕೊನೇ ಕೈ ಹಾಕ್ಬಹುದಿತ್ತು, ವಾರ್ನಿಷ್ ಹಚ್ಚಬಹುದಿತ್ತು. 1832ರಲ್ಲಿ ಟರ್ನರ್ ಅನ್ನೋ ಚಿತ್ರಕಾರ ತನ್ನ ಬೂದು ಬಣ್ಣದ ಸಮುದ್ರದ ಚಿತ್ರದ ಪಕ್ಕದಲ್ಲಿ ಇನ್ನೊಬ್ಬ ಚಿತ್ರಕಾರ ಕಾನ್‌ಸ್ಟೆಬಲ್‌ನ ವಾಟರ್‌ಲೂ ಸೇತುವೆ ಚಿತ್ರ ಕೆಂಪು ಕೆಂಪಾಗಿ ಹೊಳೀತಿರೋದು ನೋಡಿ, ತನ್ನ ಸಮುದ್ರದ ಮಧ್ಯೆ ಒಂದು ಕೆಂಪು ಚುಕ್ಕೆ ಇಟ್ಟು ಸುಮ್ಮನೆ ಹೋಗಿಬಿಟ್ಟ, ಆಮೇಲೆ ಬಂದು ಅದನ್ನ ಹಡಗುಗಳಿಗೆ ಗುರುತಾಗಿ ನೀರಲ್ಲಿ ತೇಲಿಬಿಡೋ ಬೋಯ್ ಮಾಡಿದ. ಈಗ ನಮ್ಮ ಓಪನಿಂಗಲ್ಲಿ ಕೆಂಪು ಚುಕ್ಕೆ ಅಂದ್ರೆ ಮಾರಾಟ ಆಯ್ತು ಅಂತ ಲೇಬಲ್ ಪಕ್ಕ ಅಂಟಿಸೋ ಸ್ಟಿಕರ್, ಅದು ಇಡೋದು ನೀವು, ಕಲಾವಿದರು ದೂರದಲ್ಲಿ ನಿಂತು ಕದ್ದು ಕದ್ದು ಎಣಿಸೋದು.

ಅಲ್ಲಿಂದ ಇಲ್ಲಿಗೆ ಬರೋ ಹೊತ್ತಿಗೆ ಆ ದಿನ ಪೂರ್ತಿ ಸೋಷಿಯಲ್ ಕಾರ್ಯಕ್ರಮ ಆಗೋಯ್ತು. 1958ರ ಏಪ್ರಿಲಲ್ಲಿ ಪ್ಯಾರಿಸ್‌ನ ಐರಿಸ್ ಕ್ಲೇರ್ ಗ್ಯಾಲರಿಯಲ್ಲಿ ಇವ್ ಕ್ಲೈನ್ ಅನ್ನೋ ಕಲಾವಿದ ಗೋಡೆಗೆ ಬಿಳಿ ಬಳಿದು, ಒಳಗೆ ಒಂದು ಚಿತ್ರನೂ ಇಡದೆ ಬರೀ ಖಾಲಿ ಕೋಣೆ ತೋರಿಸಿದ, ಬಂದವರಿಗೆಲ್ಲಾ ನೀಲಿ ಬಣ್ಣದ ಡ್ರಿಂಕ್ ಕೊಟ್ಟ, ಆದ್ರೂ ಜನ ತಲೆ ಮೇಲೆ ತಲೆ ಬಿದ್ದ ಹಾಗೆ ಬಂದ್ರು. (ಆ ಡ್ರಿಂಕಲ್ಲಿ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಇತ್ತು, ಕುಡಿದವರಿಗೆ ಆಮೇಲೆ ಮೂತ್ರನೂ ನೀಲಿ ಬಂತು.) 1965ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಇನ್‌ಸ್ಟಿಟ್ಯೂಟ್ ಆಫ್ ಕಂಟೆಂಪರರಿ ಆರ್ಟ್‌ನಲ್ಲಿ ಆಂಡಿ ವಾರ್‌ಹಾಲ್ ಅನ್ನೋ ಕಲಾವಿದನ ಶೋ ಓಪನಿಂಗಿಗೆ ಎಷ್ಟು ನೂಕುನುಗ್ಗಲು ಅಂದ್ರೆ ಚಿತ್ರಗಳಿಗೆ ಏಟಾಗತ್ತೆ ಅಂತ ಗೋಡೆಯಿಂದ ಇಳಿಸಿಬಿಟ್ಟಿದ್ರು. ಚಿತ್ರ ಇಲ್ದಿದ್ರೂ ಓಪನಿಂಗ್ ನಡೀತು. ಕೇಳೋಕೆ ಮಜಾ ಇದೆ, ಒಪ್ತೀನಿ. ಆದ್ರೆ ಕ್ಲೈನ್‌ದು ಅವನೇ ಮಾಡಿದ ಪ್ಲಾನು, ವಾರ್‌ಹಾಲ್‌ಗೆ ಆ ಗಲಾಟೆಯಿಂದ ಇದ್ದ ಹೆಸರು ಇನ್ನೂ ಜಾಸ್ತಿ ಆಯ್ತು, ನಮ್ಮಂಥೋರ ಚಿತ್ರಕ್ಕೆ ಏಟಾದ್ರೆ ಅದು ಏಟು ಅಷ್ಟೇ.

ಏಟಿನ ವಿಷಯ ಬಂತಲ್ಲ, ನನ್ನದೇ ಹೇಳ್ತೀನಿ. ಗ್ಯಾಲರಿ ಹೆಸರು ಬೇಡ.

ಗ್ರೂಪ್ ಶೋ. ಡಿಸ್‌ಪ್ಲೇ ಮಾಡೋಕೆ ನಾವೇ ಹೋಗಿದ್ವಿ, ಹೊರಗಿನವರಿಗೆ ಈ ಕೆಲಸ ಏನು ಅಂತ ಗೊತ್ತಿರಲ್ಲ. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರೋ ಹಾಗೆ ಅಳತೆ ಹಾಕ್ಬೇಕು, ನಿಂತು ನೋಡೋರ ಕಣ್ಣಿನ ಮಟ್ಟ ಅದು, ಒಂದೊಂದರ ಹಿಂದೆ ತಂತಿ ಎಷ್ಟು ಜೋಲುತ್ತೆ ಅಂತ ನೋಡಿ ಮೊಳೆ ಜಾಗ ಲೆಕ್ಕ ಹಾಕ್ಬೇಕು, ಏಣಿ ಹತ್ತಿ ಲೈಟ್ ತಿರುಗಿಸ್ಬೇಕು, ಒಬ್ಬರು ಕೆಳಗಿಂದ "ಇನ್ನೂ ಸ್ವಲ್ಪ ಎಡಕ್ಕೆ" ಅಂತಿರ್ಬೇಕು. ಜನ ಬರೋಕೆ ಶುರುವಾಗೋ ಹೊತ್ತಿಗೆ ಬಟ್ಟೆ ಬದಲಾಯಿಸಿರ್ತೀವಿ, ಉಗುರಿನ ಸಂದಿಯಲ್ಲಿ ಗೋಡೆ ಸುಣ್ಣ ಹಂಗೇ ಇರತ್ತೆ. ನನ್ನದು ಕಾಗದದ ಮೇಲಿನ ಚಾರ್ಕೋಲ್, ಗ್ಲಾಸ್ ಹಾಕಿ ಫ್ರೇಮ್ ಮಾಡಿಸೋಣ ಅಂದೆ, ರಿಫ್ಲೆಕ್ಷನ್ ಬರತ್ತೆ, ಓಪನ್ ಆಗಿ ಹಾಕಿದ್ರೇ ಚೆಂದ ಅಂತ ಅವರೇ ಹೇಳಿದ್ರು. ಚೆಂದ ಕಾಣೋದೇನೋ ನಿಜ. ಆದ್ರೆ ಫಿಕ್ಸೆಟಿವ್ (ಪುಡಿ ಉದುರದ ಹಾಗೆ ಹೊಡೆಯೋ ಸ್ಪ್ರೇ) ಎಷ್ಟೇ ಹೊಡೆದ್ರೂ ಚಾರ್ಕೋಲ್ ಉಜ್ಜಿದ್ರೆ ಬರುತ್ತೆ, ಹಾಗಾಗಿ ಮುಂದೆ ನೆಲದ ಮೇಲೆ ಒಂದು ಗೆರೆ ಹಾಕಿ, ಇಲ್ಲಾ ಒಬ್ಬರನ್ನ ನಿಲ್ಸಿ ಅಂತ ಕೇಳಿದ್ದೆ. ಹೂಂ ಅಂದ್ರು.

ರಾತ್ರಿ ಜನ ಜಾಸ್ತಿ ಆದ್ರು. ಹೆಗಲಿಗೆ ಬ್ಯಾಗ್ ಹಾಕ್ಕೊಂಡಿದ್ದ ಒಬ್ಬರು ಸೆಲ್ಫಿ ತಗೊಳ್ಳೋಕೆ ಅಂತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ರು. ನಾನು ಅದೇ ಹೊತ್ತಿಗೆ ಯಾರಿಗೋ "ಇದಕ್ಕೆ ಸ್ಫೂರ್ತಿ ಏನು" ಅನ್ನೋ ಪ್ರಶ್ನೆಗೆ ಹಲ್ಲು ಬಿಟ್ಕೊಂಡು ಉತ್ತರ ಕೊಡ್ತಿದ್ದೆ, ಕಣ್ಣೆದುರಿಗೇ ಬ್ಯಾಗ್ ಕಾಗದಕ್ಕೆ ತಾಗಿ ಕೆಳಗಿಂದ ಬಲಕ್ಕೆ ಎಳೀತು. ಅಂಗೈ ಅಗಲದಷ್ಟು ಜಾಗದಲ್ಲಿ ಕಪ್ಪು ಎಲ್ಲಾ ಬೂದಿ ಥರ ಹರಡ್ಕೊಂಡುಬಿಡ್ತು, ಒಡೆದ ಗೋಡೆಯೊಳಗಿಂದ ಕಬ್ಬಿಣದ ಸರಳು ಹೊರಗೆ ಬಂದಿರೋದನ್ನ ನಾನು ರಬ್ಬರಲ್ಲಿ ಎತ್ತಿ ಎತ್ತಿ ತೆಳ್ಳಗೆ ಬಿಳಿ ಗೆರೆ ಮಾಡಿದ್ದೆ, ಅದು ಪೂರ್ತಿ ಮುಚ್ಚಿಹೋಯ್ತು. ಆ ಮನುಷ್ಯರಿಗೆ ಗೊತ್ತೇ ಆಗ್ಲಿಲ್ಲ, ಬ್ಯಾಗಿನ ಪಟ್ಟಿಗೆ ಕಪ್ಪು ಮೆತ್ಕೊಂಡೇ ಮನೆಗೆ ಹೋಗಿರ್ತಾರೆ. ಮಾರನೇ ದಿನ ಗ್ಯಾಲರಿಯವರಿಗೆ ಹೇಳಿದ್ರೆ ಬಂದ ಉತ್ತರ ಇದು: "ಚಾರ್ಕೋಲ್ ಅಲ್ವಾ, ನೀವೇ ಬಂದು ಒಂದ್ಸಲ ಟಚಪ್ ಮಾಡ್ಬಿಡಿ." ಅಗ್ರಿಮೆಂಟ್ ತೆಗೆದು ನೋಡಿದ್ರೆ ಸಾಗಿಸೋವಾಗ ಹಾಳಾದ್ರೆ ಏನು ಅಂತ ಇತ್ತು, ಗೋಡೆ ಮೇಲಿರೋವಾಗ ಹಾಳಾದ್ರೆ ಏನು ಅಂತ ಇರ್ಲಿಲ್ಲ. ಅದೇ ಶೋನಲ್ಲಿ ಸೆರಾಮಿಕ್ ಮಾಡೋ ಗೆಳತಿಯ ಕೃತಿ ಇದ್ದ ಪೀಠದ ಮೇಲೆ ಸಾಲಾಗಿ ಕುಡಿದಿಟ್ಟ ಗ್ಲಾಸ್‌ಗಳು. ಕುಡಿದ ಗ್ಲಾಸ್ ಇಡೋಕೆ ಒಂದು ಟೇಬಲ್ ಇಲ್ಲ ಅಂದ್ರೆ ಜನ ಇನ್ನೆಲ್ಲಿ ಇಡ್ಬೇಕು, ಅವರ ತಪ್ಪು ಅಂತ ನಾನು ಹೇಳಲ್ಲ.

ಇದಕ್ಕಿಂತ ದೊಡ್ಡದು ಆಮೇಲೆ ಬಂತು. ನನ್ನ ಒಂದು ಚಿಕ್ಕ ಡ್ರಾಯಿಂಗ್ ಸೇಲ್ ಆಗಿತ್ತು, ಖುಷಿಯಲ್ಲಿದ್ದೆ, ಲೆಕ್ಕದ ಹಾಳೆ ಬಂದಾಗ ನೋಡಿದ್ರೆ ಡಿಸ್ಕೌಂಟ್ ಕಳೆದು, ಕಮಿಷನ್ ಕಳೆದು, ಅದರ ಕೆಳಗೆ "ಇವೆಂಟ್ ಖರ್ಚು, ಕಲಾವಿದರ ಪಾಲು" ಅಂತ ಇನ್ನೊಂದು ಸಾಲು. ಓಪನಿಂಗಲ್ಲಿ ಬಂದವರು ಕುಡಿದಿದ್ದು, ಫೋಟೋಗ್ರಾಫರ್, ಅಲಂಕಾರ ಎಲ್ಲಾ ಸೇರಿ. ಮೊದಲು ಯಾರೂ ಹೇಳಿರ್ಲಿಲ್ಲ. ಕೇಳಿದ್ದಕ್ಕೆ "ಎಲ್ಲಾ ಕಡೆ ಹೀಗೇನೇ" ಅಂದ್ರು. ಎಲ್ಲಾ ಕಡೆ ಹೀಗಿಲ್ಲ, ನಾನು ಬೇರೆ ಕಲಾವಿದರನ್ನ ಕೇಳಿದೀನಿ, ಕೆಲವು ಗ್ಯಾಲರಿಗಳು ಓಪನಿಂಗ್ ಖರ್ಚನ್ನ ಪೂರ್ತಿ ತಮ್ಮ ಕಮಿಷನ್ನಲ್ಲೇ ನೋಡ್ಕೊಳ್ತಾವೆ, ಕೆಲವು ಮೊದಲೇ ಹೇಳಿ ಅರ್ಧರ್ಧ ಮಾಡ್ತಾವೆ. ಎರಡೂ ನನಗೆ ಓಕೆ. ಮೊದಲೇ ಹೇಳೋದಿದೆಯಲ್ಲ, ಅದು ಮುಖ್ಯ.

ಹೊರಗಿನವರಿಗಾಗಿ ಈ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಗೋಡೆ ಮೇಲಿನ ಬೆಲೆ ಪೂರ್ತಿ ಕಲಾವಿದರ ಜೇಬಿಗೆ ಹೋಗತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಕಮಿಷನ್ ಅರ್ಧ ಅನ್ನೋದು ಪ್ರಪಂಚದಾದ್ಯಂತ ಮಾಮೂಲಿ. ಬೆಲೆ 100 ಅಂತ ಇಟ್ಕೊಳ್ಳಿ, ಗ್ಯಾಲರಿಗೆ 50 ನಮಗೆ 50. ಅದರ ಬಗ್ಗೆ ನನ್ನ ತಕರಾರಿಲ್ಲ, ಜಾಗ ಅವರದ್ದು, ಸ್ಟಾಫ್ ಅವರದ್ದು, ಕೊಳ್ಳೋರನ್ನ ವರ್ಷಗಟ್ಟಲೆ ಬೆಳೆಸಿರೋದೂ ಅವರೇ. ಈಗ ಓಪನಿಂಗ್ ರಾತ್ರಿ ಹಳೇ ಗಿರಾಕಿ ಒಬ್ಬರಿಗೆ ದಾಕ್ಷಿಣ್ಯಕ್ಕೆ 20 ಬಿಟ್ಟುಕೊಟ್ರು ಅನ್ಕೊಳ್ಳಿ. ಇಬ್ಬರೂ ಹಂಚ್ಕೊಂಡ್ರೆ ತಲಾ 40. ಗ್ಯಾಲರಿ ತನ್ನ 50 ಹಾಗೇ ಇಟ್ಕೊಂಡ್ರೆ ನಮ್ಮ ಕೈಗೆ 30. ಅದರಲ್ಲಿ ಫ್ರೇಮು, ಕಾಗದ, ಸಾಗಾಣಿಕೆ ಎಲ್ಲಾ ನಮ್ಮದೇ, ಅದರ ಮೇಲೆ ಇವೆಂಟ್ ಖರ್ಚಿನ ಪಾಲು ಬೇರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಆ ಸಂಜೆಯ ಮಲ್ಲಿಗೆ ಬಿಲ್ ಹಿಟ್ಟಿಲ್ಲದವರ ಹೆಸರಿಗೇ ಬರತ್ತೆ.

ಇದೆಲ್ಲಾ ಕೇಳಿದ್ರೆ ಕಲೆ ಅನ್ನೋದು ವ್ಯಾಪಾರ ಅಲ್ಲಮ್ಮಾ, ನಂಬಿಕೆ ಮೇಲೆ ನಡೆಯೋದು ಅಂತ ಬುದ್ಧಿ ಹೇಳ್ತಾರೆ. ನಂಬಿಕೆ ಇರ್ಲಿ, ಆದ್ರೆ ಬೇರೆ ಕಡೆ ಕಾನೂನಿಗೇ ಈ ನಂಬಿಕೆ ಸಾಲದು ಅನ್ಸಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಕಲಾವಿದರು ಮಾರೋಕೆ ಅಂತ ಗ್ಯಾಲರಿಗೆ ಕೊಟ್ಟ ಕೃತಿ, ಅದು ಮಾರಾಟ ಆದಾಗ ಬಂದ ಕಲಾವಿದರ ದುಡ್ಡು ಎರಡನ್ನೂ ಗ್ಯಾಲರಿ ಟ್ರಸ್ಟ್ ಥರ ಕಾಪಾಡ್ಬೇಕು, ಅಂದ್ರೆ ಅದನ್ನ ತನ್ನ ಬಾಡಿಗೆಗೆ ತನ್ನ ಸಾಲಕ್ಕೆ ತಿರುಗಿಸ್ಕೊಳ್ಳೋ ಹಾಗಿಲ್ಲ. ನ್ಯೂಯಾರ್ಕ್ ನಗರದಲ್ಲಿ ಮಾರೋ ವಸ್ತುಗೆ ಬೆಲೆ ಕಾಣೋ ಹಾಗೆ ಹಾಕ್ಬೇಕು ಅನ್ನೋ ನಿಯಮ ಗ್ಯಾಲರಿಗಳಿಗೂ ಅನ್ವಯ ಆಗತ್ತೆ. ಕೆನಡಾದಲ್ಲಿ 1988ರಿಂದ ಕಾಪಿರೈಟ್ ಕಾನೂನಲ್ಲೇ ಕಲಾವಿದರಿಗೆ ಪ್ರದರ್ಶನದ ಹಕ್ಕು ಇದೆ, ಮಾರಾಟಕ್ಕಲ್ಲದೆ ತೋರಿಸೋಕೆ ಇಟ್ರೆ ಅದಕ್ಕೆ ಫೀಸ್ ಕೇಳಬಹುದು. ನ್ಯೂಯಾರ್ಕಲ್ಲಿ 2008ರಲ್ಲಿ ಶುರುವಾದ ವೇಜ್ ಅನ್ನೋ ಕಲಾವಿದರ ಸಂಘಟನೆ, ಲಾಭಕ್ಕಲ್ಲದೆ ನಡೆಯೋ ಸಂಸ್ಥೆಗಳು ಕಲಾವಿದರಿಗೆ ಕನಿಷ್ಠ ಎಷ್ಟು ಫೀಸ್ ಕೊಡ್ಬೇಕು ಅಂತ ಪಟ್ಟಿ ಮಾಡಿ, ಹಾಗೆ ಕೊಡೋರಿಗೆ ಸರ್ಟಿಫಿಕೇಟ್ ಕೊಡತ್ತೆ. ಇದ್ಯಾವುದೂ ನೇರವಾಗಿ ನನ್ನ ಇವೆಂಟ್ ಖರ್ಚಿನ ಸಾಲಿಗೆ ಉತ್ತರ ಅಲ್ಲ, ಗೊತ್ತು. ಬರೆದಿಟ್ಟ ಮಾತ್ರಕ್ಕೆ ಕಲೆ ಕೊಳಕಾಗಲ್ಲ ಅನ್ನೋಕೆ ಹೇಳಿದೆ.

1974ರಲ್ಲಿ ಮೈಕಲ್ ಆಷರ್ ಅನ್ನೋ ಕಲಾವಿದ ಲಾಸ್ ಏಂಜಲೀಸ್‌ನ ಕ್ಲೇರ್ ಕಾಪ್ಲಿ ಗ್ಯಾಲರಿಯಲ್ಲಿ ಶೋ ಮಾಡಿದಾಗ ಏನನ್ನೂ ತಂದು ಇಡ್ಲೇ ಇಲ್ಲ, ಪ್ರದರ್ಶನದ ಹಾಲಿಗೂ ಆಫೀಸಿಗೂ ಮಧ್ಯೆ ಇದ್ದ ಗೋಡೆನ ತೆಗೆಸಿಬಿಟ್ಟ. ಒಳಗೆ ಬಂದವರಿಗೆ ಕಂಡಿದ್ದು ಟೇಬಲ್ಲು, ಕಪಾಟು, ಅಲ್ಲಿ ಕೂತು ವ್ಯವಹಾರ ಮಾಡ್ತಿರೋರು. ನಾನು ನಿಮ್ಮ ಗೋಡೆ ಒಡೀರಿ ಅಂತ ಕೇಳ್ತಿಲ್ಲ, ಒಂದು ಪುಟ ಕೇಳ್ತಿದೀನಿ.

ಆ ಪುಟದಲ್ಲಿ ಏನಿರ್ಬೇಕು ಅಂದ್ರೆ, ಓಪನಿಂಗ್ ಖರ್ಚು ಯಾರದ್ದು, ನಮ್ಮ ಪಾಲಿದ್ರೆ ಎಷ್ಟಕ್ಕೆ ಮೀರಲ್ಲ ಅಂತ. ಡಿಸ್ಕೌಂಟ್ ಕೊಟ್ರೆ ಯಾರ ಪಾಲಿಂದ, ಎಷ್ಟರವರೆಗೆ ನಮ್ಮನ್ನ ಕೇಳದೆ ಕೊಡಬಹುದು, ಅದರ ಮೇಲೆ ಹೋದ್ರೆ ಫೋನ್ ಮಾಡಿ ಕೇಳ್ತೀರೋ ಇಲ್ವೋ. ಕೃತಿ ನಿಮ್ಮ ಬಾಗಿಲೊಳಗೆ ಬಂದ ಕ್ಷಣದಿಂದ ವಾಪಸ್ ನಮ್ಮ ಕೈಗೆ ಕೊಡೋವರೆಗೂ, ಓಪನಿಂಗ್ ರಾತ್ರಿನೂ ಸೇರಿ, ಏನಾದ್ರೂ ಆದ್ರೆ ಜವಾಬ್ದಾರಿ ಯಾರದ್ದು, ಇನ್ಶೂರೆನ್ಸ್ ಇದೆಯೋ ಇಲ್ವೋ. ದುಡ್ಡು ಬಂದ ಎಷ್ಟು ದಿನದಲ್ಲಿ ನಮಗೆ ಬರತ್ತೆ. ಕೊಂಡವರು ಯಾರು ಅಂತ ಹೇಳ್ತೀರಾ, ಯಾಕಂದ್ರೆ ಮುಂದೆ ದೊಡ್ಡ ಶೋ ಮಾಡೋವಾಗ ಆ ಕೃತಿನ ಕೇಳಿ ತರೋಕೆ ಅದು ಬೇಕು. ಅಷ್ಟೇ, ಇದರಲ್ಲಿ ಒಂದೂ ಕೋಟಿ ರೂಪಾಯಿ ಮಾತಲ್ಲ, ಎಲ್ಲಾ ನಿಮಗೆ ಮೊದಲೇ ಗೊತ್ತಿರೋ ಉತ್ತರಗಳೇ.

ಪುಟದಲ್ಲಿ ಬರೆಯೋಕಾಗದ ಒಂದೆರಡು ಮಾತು ಬಾಯಲ್ಲೇ ಕೇಳ್ತೀನಿ. ಜನ ಬರೋ ಮುಂಚೆ ಅರ್ಧ ಗಂಟೆ ನಮ್ಮನ್ನ ಹಾಲಲ್ಲಿ ಸುಮ್ಮನೆ ಬಿಡಿ, ಒಬ್ಬರ ಕೆಲಸ ಇನ್ನೊಬ್ಬರು ನೋಡೋಕೆ, ಗ್ರೂಪ್ ಶೋನಲ್ಲಿ ಪಕ್ಕದ ಗೋಡೆಯವರ ಕೆಲಸನ ನಾವು ಸರಿಯಾಗಿ ನೋಡೋದೇ ಇಳಿಸೋ ದಿನ ಆಗೋಗಿದೆ. ಭಾಷಣ ಇಟ್ರೆ ಕಲಾವಿದರ ಹೆಸರನ್ನ ಮೊದಲು ಹೇಳಿ, ಅತಿಥಿಗಳ ಸಾಧನೆ ಆಮೇಲೆ ಓದಿ, ಓದ್ಲೇಬೇಕು ಅಂದ್ರೆ. ನಾಲ್ಕು ಕುರ್ಚಿ ಹಾಕಿ, ವಯಸ್ಸಾದವರು ಮಂಡಿ ನೋವಿನವರು ಐದು ನಿಮಿಷಕ್ಕೇ ವಾಪಸ್ ಹೋಗ್ತಾರೆ, ಚಿತ್ರನ ಕೂತು ನೋಡೋ ತಾಳ್ಮೆ ಇರೋದೂ ಅವರಿಗೇ. ಮತ್ತೆ, ಒಬ್ಬರೇ ನಮ್ಮನ್ನ ಮುಕ್ಕಾಲು ಗಂಟೆ ಹಿಡ್ಕೊಂಡು ತಮ್ಮ ಅಳಿಯನ ಫೋಟೋಗ್ರಫಿ ಬಗ್ಗೆ ಹೇಳ್ತಿದ್ರೆ, ಆ ಕಡೆ ನಿಜವಾಗ್ಲೂ ಕೃತಿ ಬಗ್ಗೆ ಕೇಳೋಕೆ ನಿಂತಿರೋರು ಕಾದು ಕಾದು ಹೋಗ್ತಿದ್ರೆ, ದಯವಿಟ್ಟು ಬಂದು "ಒಂದು ನಿಮಿಷ ಇವರನ್ನ ಕರ್ಕೊಂಡು ಹೋಗ್ತೀನಿ" ಅಂತ ಬಿಡಿಸಿ. ನಾವಾಗೇ ಬಿಡಿಸ್ಕೊಂಡ್ರೆ ಧಿಮಾಕು ಅಂತಾರೆ, ನೀವು ಬಿಡಿಸಿದ್ರೆ ಅದು ಮರ್ಯಾದೆ.

ಓಪನಿಂಗಿಗೆ ಬರೋ ಸಾರ್ವಜನಿಕರಿಗೂ ಒಂದು ಮಾತು. ಬನ್ನಿ, ಕೊಳ್ಳದಿದ್ರೂ ಬನ್ನಿ, ಫ್ರೀಯಾಗಿ ಕುಡಿಯೋಕೆ ಸಿಗತ್ತೆ ಅಂತಾದ್ರೂ ಬನ್ನಿ, ನಾನೂ ಹಾಗೆ ಹೋಗಿದೀನಿ. ಬ್ಯಾಗನ್ನ ಮುಂದಕ್ಕೆ ಹಾಕ್ಕೊಳ್ಳಿ. ಡಿಸ್ಕೌಂಟ್ ಕಲಾವಿದರ ಹತ್ರ ಆವತ್ತು ಕೇಳ್ಬೇಡಿ, ಅದನ್ನ ಗ್ಯಾಲರಿಯವರ ಹತ್ರ ಕೇಳಿ, ಎಲ್ಲರೆದುರು ಕೇಳಿದ್ರೆ ನಮಗೆ ಇಲ್ಲ ಅನ್ನೋಕೂ ಆಗಲ್ಲ ಹೂಂ ಅನ್ನೋಕೂ ಆಗಲ್ಲ. ಸ್ಫೂರ್ತಿ ಏನು ಅನ್ನೋ ಬದಲು "ಇಲ್ಲಿ ಇದನ್ನ ಹೇಗೆ ಮಾಡಿದ್ರಿ" ಅಂತ ಒಂದು ಜಾಗ ಬೆರಳು ಮಾಡಿ (ಮುಟ್ಟದೆ) ಕೇಳಿ ನೋಡಿ, ಕಲಾವಿದರ ಮುಖ ಹೇಗೆ ಬದಲಾಗತ್ತೆ ಅಂತ ನೀವೇ ನೋಡ್ತೀರ.

ಮುಂದಿನ ಸೀಸನ್‌ಗೆ ಇನ್ನೊಂದು ಗ್ರೂಪ್ ಶೋಗೆ ಕರೆ ಬಂದಿದೆ, ಅಗ್ರಿಮೆಂಟ್ ಮೇಲ್ ಮಾಡ್ತೀವಿ ಅಂದಿದಾರೆ. ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲಾ ಒಂದು ಪುಟಕ್ಕೆ ಟೈಪ್ ಮಾಡಿ ಇಟ್ಕೊಂಡಿದೀನಿ, ಅವರ ಕಾಗದ ಬಂದ ದಿನವೇ ಇದನ್ನೂ ಜೊತೆಗೆ ಹಾಕಿ ವಾಪಸ್ ಕಳಿಸ್ತೀನಿ, ಉತ್ತರ ತುಂಬಿ ಸೈನ್ ಮಾಡಿ ಕಳಿಸೋವರೆಗೂ ಕೃತಿ ಪ್ಯಾಕ್ ಮಾಡಲ್ಲ ಅಂತ ತೀರ್ಮಾನ ಮಾಡಿದೀನಿ. ಅವರು ಬೇಡ ಅಂದ್ರೆ ಒಂದು ಶೋ ಹೋಗತ್ತೆ, ಅದೂ ಗೊತ್ತು. ನಿಮ್ಮಲ್ಲಿ ಯಾರಿಗಾದ್ರೂ ಈ ಪುಟ ಬೇಕಿದ್ರೆ ಕೇಳಿ, ನಾಳೆನೇ ಕಳಿಸ್ತೀನಿ, ಹೆಸರು ಬದಲಾಯಿಸಿ ನಿಮ್ಮದೇ ಅಂತ ಬಳಸ್ಕೊಳ್ಳಿ.

ಇಂತಿ,
ನಿಮ್ಮ ಗೋಡೆಗಳ ಮೇಲೆ ಈಗಷ್ಟೇ ಬರ್ತಿರೋ ಒಬ್ಬ ಕಲಾವಿದೆ